ಕಿಂಗ್ ಒಪ್ಪುವ ಮೊದಲೇ ಕರಪತ್ರ ಸಿದ್ಧವಾಗಿತ್ತು

ಪ್ರಶ್ನೆ: ಅಮೆರಿಕದ ಮಾಂಟ್ಗಮರಿ ಬಸ್ ಬಹಿಷ್ಕಾರ ಶುರು ಮಾಡಿದ್ದು ಮಾರ್ಟಿನ್ ಲೂಥರ್ ಕಿಂಗ್ ಅವರೇ ಅಲ್ವಾ?

ಉತ್ತರ: ಅಲ್ಲ, ಊರಿನ ಕಪ್ಪು ಜನ. ಕಿಂಗ್ ಆಗಿನ್ನೂ 26ರ ಹರೆಯದ ಪಾದ್ರಿ, ಆ ಊರಿಗೆ ಹೊಸಬರು.

1955ರ ಡಿಸೆಂಬರ್ 1, ಗುರುವಾರ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ ಅಂತ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಅವರನ್ನು ಪೊಲೀಸರು ಹಿಡಿದರು. ಜಾಮೀನು ಕೊಟ್ಟು ಬಿಡಿಸಿದವರು ಇ. ಡಿ. ನಿಕ್ಸನ್, ರೈಲಿನ ಸ್ಲೀಪರ್ ಬೋಗಿಯಲ್ಲಿ ಪೋರ್ಟರ್ ಆಗಿದ್ದ ಕಾರ್ಮಿಕ ಮುಖಂಡ. ಅದೇ ರಾತ್ರಿ ಜೋ ಆ್ಯನ್ ರಾಬಿನ್ಸನ್ ತಾವು ಇಂಗ್ಲಿಷ್ ಕಲಿಸುತ್ತಿದ್ದ ಕಾಲೇಜಿಗೆ ಹೋದರು. ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು ಜೊತೆಗಿದ್ದರು. ಕಾಗದ ಉಳಿಸಲು ಒಂದೊಂದು ಹಾಳೆಯಲ್ಲಿ ಮೂರು ಮೂರು ಕರಪತ್ರ ಸೈಕ್ಲೋಸ್ಟೈಲ್ ಮಾಡಿ ಕತ್ತರಿಸಿದರು. ಸೋಮವಾರ ಯಾರೂ ಬಸ್ ಹತ್ತಬೇಡಿ ಅನ್ನುವುದೇ ಅದರ ಸಾರಾಂಶ. ಬೆಳಿಗ್ಗೆ ಎಂಟಕ್ಕೆ ಪಾಠ ಮುಗಿಸಿ ಹಂಚೋಕೆ ಹೊರಟರು.

ಇದು ಸುಮ್ನೆ ಆ ರಾತ್ರಿ ಹೊಳೆದ ಐಡಿಯಾ ಅಂದುಕೊಳ್ಳಬೇಡಿ. ಬಸ್ಸುಗಳಲ್ಲಿ ಕಪ್ಪು ಜನರನ್ನು ಹೀಗೇ ನಡೆಸಿಕೊಂಡರೆ ಬಹಿಷ್ಕಾರ ಆಗಬಹುದು ಅಂತ ರಾಬಿನ್ಸನ್ 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಪತ್ರ ಬರೆದಿದ್ದರು.

ಬಹಿಷ್ಕಾರ ನಡೆಸಲು ಕಟ್ಟಿದ ಸಂಘಕ್ಕೆ ಕಿಂಗ್ ಅವರನ್ನು ಅಧ್ಯಕ್ಷರಾಗಿ ಆರಿಸಿದ್ದು ಡಿಸೆಂಬರ್ 5ರಂದು, ಅದೇ ಸೋಮವಾರ. ಹೊಸಬರಾದ್ದರಿಂದ ಊರಿನ ಯಾವ ಬಣದ ಜೊತೆಗೂ ಅವರಿಗೆ ಜಗಳವಿರಲಿಲ್ಲ. ಭಾಷಣದ ಶಕ್ತಿ ಹೇಗೂ ಇತ್ತು. ಲೆಕ್ಕ ಸರಿಯಾಗಿಯೇ ಇತ್ತು ಅನ್ನಿ!

ಒಂದು ದಿನಕ್ಕೆಂದು ಶುರುವಾದ ಬಹಿಷ್ಕಾರ ಮುಂದುವರಿಯಿತು. ಆದರೆ 381 ದಿನ ಜನ ಬಸ್ಸಿಲ್ಲದೆ ಕೆಲಸಕ್ಕೆ ಹೋಗಬೇಕಲ್ಲ? ಎಷ್ಟೋ ಮಂದಿ ನಡೆದರು. ಉಳಿದವರಿಗಾಗಿ ಸುಮಾರು 300 ಕಾರುಗಳು ಓಡಾಡಿದವು. ಪೆಟ್ರೋಲಿಗೆ ದುಡ್ಡು ಬೇಕು. ಅಡುಗೆ ಕೆಲಸದ ಜಾರ್ಜಿಯಾ ಗಿಲ್ಮೋರ್ ಇತರ ಹೆಂಗಸರನ್ನು ಸೇರಿಸಿಕೊಂಡು ಚಿಕನ್ ಸ್ಯಾಂಡ್‌ವಿಚ್, ಕೇಕ್ ಮಾಡಿ ಮಾರಿದರು. ಬಂದದ್ದನ್ನೆಲ್ಲ ಸಭೆಯಲ್ಲಿ ಒಪ್ಪಿಸುತ್ತಿದ್ದರು. ದುಡ್ಡು ಎಲ್ಲಿಂದ ಬಂತು ಅಂದರೆ ‘ಎಲ್ಲಿಂದಲೂ ಇಲ್ಲ’. ಗುಂಪಿನ ಹೆಸರೂ ಅದೇ, ಕ್ಲಬ್ ಫ್ರಮ್ ನೋವೇರ್. ಕೊಟ್ಟವರ ಹೆಸರು ಗೊತ್ತಾದರೆ ಅವರ ಕೆಲಸಕ್ಕೆ ಕುತ್ತು. ಮುಂದೆ ಗಿಲ್ಮೋರ್ ಅವರೇ ಕೆಲಸ ಕಳೆದುಕೊಂಡರು.

ಕೊನೆಗೆ ಬಸ್ಸಿನ ಭೇದಭಾವವನ್ನು ಕಾನೂನಿನಲ್ಲಿ ಕೆಡವಿದ್ದು ಊರಿನ ನಾಲ್ವರು ಹೆಂಗಸರ ಹೆಸರಿನಲ್ಲಿದ್ದ ಕೇಸು. ಅವರಲ್ಲೊಬ್ಬಳು, ಕ್ಲಾಡೆಟ್ ಕೋಲ್ವಿನ್, ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಸೀಟು ಬಿಡದೆ ಬಂಧನವಾದ 15ರ ಹುಡುಗಿ.

ಹಾಗಾದರೆ ಇವರ ಹೆಸರು ಯಾಕೆ ಜಾಸ್ತಿ ಕೇಳಿಬರಲಿಲ್ಲ? ರಾಬಿನ್ಸನ್ ಮಟ್ಟಿಗೆ ಕಾರಣ ಸರಳ. ಅವರ ಕಾಲೇಜು ನಡೆಯುತ್ತಿದ್ದದ್ದು ಸರ್ಕಾರದ ಹಣದಲ್ಲಿ. ಹಾಗಾಗಿ ಬೇಕಂತಲೇ ಹಿಂದೆ ಉಳಿದರು. 1960ರಲ್ಲಿ ಆ ಕೆಲಸ ಬಿಟ್ಟರು. ಅವರ ನೆನಪುಗಳು ಪುಸ್ತಕವಾದದ್ದು 1987ರಲ್ಲಿ.