ಆಂಟೆನಾಗೆ ಬಂದ ಪಲ್ಸ್ ಆಕಾಶದ್ದೇ ಅಂತ ನಂಬೋದು ಹೇಗೆ?

ರೇಡಿಯೋ ಆಂಟೆನಾದಿಂದ ಕಾಸ್ಮಿಕ್ ಕಿರಣ (ಬಾಹ್ಯಾಕಾಶದಿಂದ ಬರುವ ಭಾರಿ ಶಕ್ತಿಯ ಕಣ) ಹಿಡಿಯುವ ಪ್ರಾಜೆಕ್ಟ್‌ನಲ್ಲಿ ವಿದ್ಯಾರ್ಥಿಯ ಹೆಚ್ಚಿನ ಸಮಯ ಹೋಗುವುದು ಈ ಪ್ರಶ್ನೆಗೇ. ಆಂಟೆನಾ ಎಲ್ಲವನ್ನೂ ಹಿಡಿಯುತ್ತದೆ: ಮೋಟಾರಿನ ಕಿಡಿ, ವಿಮಾನದ ರೇಡಿಯೋ, ನಮ್ಮ ಗ್ಯಾಲಕ್ಸಿಯ ಗದ್ದಲ. ನೆದರ್ಲೆಂಡ್ಸ್‌ನ ಲೋಫಾರ್ ರೇಡಿಯೋ ಟೆಲಿಸ್ಕೋಪನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಮೊದಲು ಪಲ್ಸ್, ಅಂದರೆ ಕ್ಷಣಮಾತ್ರದ ರೇಡಿಯೋ ಮಿಡಿತ, ಹುಟ್ಟುವ ಬಗೆ. ಅಂಥ ಭಾರಿ ಶಕ್ತಿಯ ಒಂದು ಕಣ ವಾಯುಮಂಡಲಕ್ಕೆ ಬಡಿದರೆ ಕೋಟಿಗಟ್ಟಲೆ ಕಣಗಳ ಮಳೆಯೇ ಇಳಿಯುತ್ತದೆ. ಅದರ ಮುಂಭಾಗ ದೋಸೆಯ ಹಾಗೆ ಅಗಲ, ಆದರೆ ದಪ್ಪ ಕೆಲವೇ ಮೀಟರ್. ಭೂಮಿಯ ಕಾಂತಕ್ಷೇತ್ರ ಎಲೆಕ್ಟ್ರಾನ್‌ಗಳನ್ನು ಒಂದು ಕಡೆಗೆ, ಪಾಸಿಟ್ರಾನ್‌ಗಳನ್ನು (ಧನ ಚಾರ್ಜಿನ ಎಲೆಕ್ಟ್ರಾನ್‌ನಂಥ ಕಣ) ಇನ್ನೊಂದು ಕಡೆಗೆ ಎಳೆಯುತ್ತದೆ. ಅಡ್ಡಡ್ಡ ಕರೆಂಟ್ ಹರಿದು ರೇಡಿಯೋ ಅಲೆ ಹೊರಡುತ್ತದೆ. 30ರಿಂದ 80 ಮೆಗಾಹರ್ಟ್ಸ್‌ನಲ್ಲಿ ಅಲೆಯುದ್ದ ಸುಮಾರು 10ರಿಂದ 4 ಮೀಟರ್. ಅದು ಆ ದಪ್ಪಕ್ಕೆ ಹೊಂದುವುದರಿಂದ ಎಲ್ಲ ಕಣಗಳ ಅಲೆಗಳೂ ಒಟ್ಟಿಗೆ ಕೂಡಿಕೊಳ್ಳುತ್ತವೆ. 1965ರಲ್ಲೇ ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕ್‌ನಲ್ಲಿ ಜೆಲ್ಲಿ ಮತ್ತವರ ತಂಡ 44 ಮೆಗಾಹರ್ಟ್ಸ್‌ನಲ್ಲಿ ಇಂಥ ಪಲ್ಸ್ ಕಂಡಿತ್ತು.

ಲೋಫಾರ್‌ನಲ್ಲಿ ಆಂಟೆನಾಗಳ ನಡುವೆ ಕಣ ಹಿಡಿಯುವ ಸಿಂಟಿಲೇಟರ್‌ಗಳೂ ಇವೆ. ಕಣಗಳ ಮಳೆ ಬಿತ್ತು ಅಂತ ಅವು ಹೇಳಿದ ಕೂಡಲೇ ಆಂಟೆನಾಗಳ ಮೆಮೊರಿಯಲ್ಲಿರುವ ಕಚ್ಚಾ ಡೇಟಾ ಉಳಿಸಿಕೊಳ್ಳುತ್ತಾರೆ. ಪಲ್ಸ್ ಇರುವುದು ಹತ್ತಾರು ನ್ಯಾನೋಸೆಕೆಂಡ್ ಮಾತ್ರ. ಆಂಟೆನಾ 5 ನ್ಯಾನೋಸೆಕೆಂಡಿಗೊಮ್ಮೆ ಅಳೆಯುತ್ತದೆ.

ಈಗ ಲೆಕ್ಕ ಮಾಡಿ. ಎರಡು ಆಂಟೆನಾಗಳ ನಡುವೆ 300 ಮೀಟರ್ ಇದೆ. ಅಲೆ ಆ ಎರಡನ್ನು ಸೇರಿಸುವ ಗೆರೆಯ ನೇರಕ್ಕೆ, ನೆತ್ತಿಯಿಂದ 30 ಡಿಗ್ರಿ ವಾಲಿ ಬಂದರೆ ದಾರಿಯ ವ್ಯತ್ಯಾಸ 150 ಮೀಟರ್. ಅಂದರೆ 500 ನ್ಯಾನೋಸೆಕೆಂಡ್, 100 ಸ್ಯಾಂಪಲ್ (ಒಂದೊಂದು ಅಳತೆಯೂ ಒಂದು ಸ್ಯಾಂಪಲ್). ಅದೇ ಅಲೆ ಅದೇ ನೇರದಲ್ಲಿ ನೆಲಮಟ್ಟದ ಯಾವುದೋ ಯಂತ್ರದಿಂದ ಬಂದಿದ್ದರೆ 200 ಸ್ಯಾಂಪಲ್ ತಡ. ಈ ಒಂದೇ ಪರೀಕ್ಷೆಯಲ್ಲಿ ಎಷ್ಟೋ ಸುಳ್ಳು ಪಲ್ಸ್‌ಗಳು ಹೊರಗೆ ಹೋಗುತ್ತವೆ.

ಆದರೂ ವಿಮಾನ ಮೇಲೇ ಇರುತ್ತದೆ, ಅಲ್ವಾ? ಅದಕ್ಕೇ ನನಗೆ ಪೋಲರೈಸೇಷನ್ (ಅಲೆಯ ವಿದ್ಯುತ್ ಕ್ಷೇತ್ರ ಯಾವ ದಿಕ್ಕಿಗೆ ಆಡುತ್ತದೆ ಅನ್ನೋದು) ಮೇಲೆ ಜಾಸ್ತಿ ನಂಬಿಕೆ. ಕಾಂತಕ್ಷೇತ್ರದಿಂದ ಹುಟ್ಟಿದ ಅಲೆಯ ವಿದ್ಯುತ್ ಕ್ಷೇತ್ರ, ಮಳೆಯ ದಿಕ್ಕಿಗೂ ಕಾಂತಕ್ಷೇತ್ರಕ್ಕೂ ಲಂಬವಾಗಿಯೇ ಇರಬೇಕು. ಅದರ ಜೊತೆ ಇನ್ನೊಂದು ಸಣ್ಣ ಭಾಗವೂ ಉಂಟು. ಮಳೆ ಇಳಿಯುತ್ತಾ ಗಾಳಿಯ ಎಲೆಕ್ಟ್ರಾನ್‌ಗಳನ್ನೂ ಎಳೆದುಕೊಳ್ಳುವುದರಿಂದ ಋಣ ಚಾರ್ಜ್ ಹೆಚ್ಚಾಗುತ್ತದೆ ಅಂತ ಭೌತವಿಜ್ಞಾನಿ ಅಸ್ಕಾರಿಯನ್ 1962ರಲ್ಲಿ ಹೇಳಿದ್ದರು. ಈ ಭಾಗ ಮಳೆಯ ನಡು ಅಕ್ಷದ ಕಡೆಗೆ ಮುಖ ಮಾಡಿರುತ್ತದೆ. ಹಾಗಾಗಿ ಅಕ್ಷದ ಒಂದು ಬದಿಯಲ್ಲಿ ಎರಡೂ ಕೂಡುತ್ತವೆ, ಇನ್ನೊಂದು ಬದಿಯಲ್ಲಿ ಕಳೆಯುತ್ತವೆ. ನೂರಾರು ಆಂಟೆನಾಗಳಲ್ಲಿ ಈ ಓರೆ ವಿನ್ಯಾಸ ಕಂಡರೆ ಅದನ್ನು ಯಾವ ಮೋಟಾರೂ ಮಾಡಲಾರದು. ತುಂಬಾ ಘಟನೆಗಳ ಒಂದು ದೊಡ್ಡ ಪಟ್ಟಿಯಲ್ಲಿ ಇನ್ನೊಂದು ಗುರುತೂ ಸಿಗುತ್ತದೆ. ಕಾಂತರೇಖೆಯ ಉದ್ದಕ್ಕೇ ಬರುವ ಮಳೆಗೆ ಸಿಗ್ನಲ್ ಕಮ್ಮಿ. ಯುರೋಪಿನಲ್ಲಿ ಆ ದಿಕ್ಕು ದಕ್ಷಿಣದ ಆಕಾಶದಲ್ಲಿದೆ. ಆದ್ದರಿಂದ ಉತ್ತರದಿಂದ ಬಂದ ಘಟನೆಗಳೇ ಹೆಚ್ಚು ಕಾಣಬೇಕು.

ಕ್ಯಾಲಿಬ್ರೇಷನ್‌ಗೆ, ಅಂದರೆ ಆಂಟೆನಾದ ಅಳತೆ ಸರಿಯಿದೆಯಾ ಅಂತ ಹೊಂದಿಸಿಕೊಳ್ಳಲು, ಗ್ಯಾಲಕ್ಸಿಯ ಗದ್ದಲವೇ ನೆರವಾಗುತ್ತದೆ. ಅದು 23 ಗಂಟೆ 56 ನಿಮಿಷಕ್ಕೊಮ್ಮೆ ಏರಿಳಿಯುತ್ತದೆ. ನಿಮ್ಮ ಆಂಟೆನಾದಲ್ಲಿ ಆ ಏರಿಳಿತ ಕಾಣದಿದ್ದರೆ ಮೊದಲು ಕೇಬಲ್, ಆಂಪ್ಲಿಫೈಯರ್ ನೋಡಿ.

ಇಷ್ಟೆಲ್ಲ ಪಾಡು ಯಾಕೆಂದರೆ, ಅಳತೆಯನ್ನು ಕಂಪ್ಯೂಟರ್ ಸಿಮ್ಯುಲೇಷನ್ ಜೊತೆ ಹೋಲಿಸಿ ಮಳೆ ವಾಯುಮಂಡಲದ ಎಷ್ಟು ಆಳದಲ್ಲಿ ಅತಿ ದಟ್ಟವಾಯಿತು ಅಂತ ತಿಳಿಯಬಹುದು. ಬಂದ ಕಣ ಯಾವ ಬಗೆಯದು ಅನ್ನೋದಕ್ಕೆ ಆ ಆಳವೇ ಸುಳಿವು. ಒಂದೇ ಶಕ್ತಿಯಿದ್ದರೆ ಪ್ರೋಟಾನ್ ಸರಾಸರಿಯಲ್ಲಿ ಕಬ್ಬಿಣದ ನ್ಯೂಕ್ಲಿಯಸ್‌ಗಿಂತ ಆಳಕ್ಕೆ ಇಳಿಯುತ್ತದೆ. 2016ರಲ್ಲಿ ಲೋಫಾರ್ ತಂಡ ಹೀಗೇ ಅಳೆದು, 10ರ ಘಾತ 17 ಎಲೆಕ್ಟ್ರಾನ್‌ವೋಲ್ಟ್ (ಕಣದ ಶಕ್ತಿಯ ಅಳತೆ) ಆಸುಪಾಸಿನಲ್ಲಿ ಹಗುರ ನ್ಯೂಕ್ಲಿಯಸ್‌ಗಳ ಪಾಲು ದೊಡ್ಡದು ಅಂತ ತೋರಿಸಿತು.

ಗುಡುಗಿನ ದಿನ ಮಾತ್ರ ಪೋಲರೈಸೇಷನ್ ದಿಕ್ಕು ತಪ್ಪುತ್ತದೆ, ಮೋಡದೊಳಗಿನ ವಿದ್ಯುತ್ ಕ್ಷೇತ್ರವೂ ಕಣಗಳನ್ನು ಎಳೆಯುವುದರಿಂದ. ಅಂಥ ಘಟನೆಗಳನ್ನು ಸುಮ್ನೆ ಅಳಿಸಬೇಡಿ. ಬೇರೆ ಫೋಲ್ಡರ್‌ಗೆ ಹಾಕಿ. ಅವುಗಳಿಂದಲೇ ಲೋಫಾರ್‌ನವರು ಮೋಡದ ಒಳಗಿನ ಕ್ಷೇತ್ರವನ್ನು ಅಂದಾಜು ಮಾಡಿದ್ದಾರೆ.