ಆ ಧ್ವನಿ ಎಲ್ಲಿಂದ ಬರುತ್ತದೆ?

"ಯಾರೂ ಮಾತಾಡ್ತಿಲ್ಲ, ಸುಮ್ನಿರು." ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ ಇರುವವರಿಗೆ ಮನೆಯಲ್ಲಿ ಹೀಗೆ ಗದರುವುದುಂಟು. ಆದರೆ ಅವರಿಗೆ ಧ್ವನಿ ನಿಜಕ್ಕೂ ಕೇಳಿಸುತ್ತದೆ, ಈ ಕಾಯಿಲೆ ಇರುವ 10 ಜನರಲ್ಲಿ ಸುಮಾರು 7 ಮಂದಿಗೆ. ಅದು ನಾಟಕವಲ್ಲ, ಗಾಳಿ ಸೋಕಿದ್ದೂ ಅಲ್ಲ.

ಇಂಥ ಕಾಯಿಲೆಗಳಲ್ಲಿ ಮಿದುಳಿನ ಭಾಗಗಳ ನಡುವಿನ ಸಂಪರ್ಕ ತಪ್ಪಿರಬೇಕು ಅಂತ ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ ನೂರು ವರ್ಷಕ್ಕೂ ಹಿಂದೆಯೇ ಹೇಳಿದ್ದರು. ಆಗ ತೋರಿಸಲು ಸ್ಕ್ಯಾನ್ ಇರಲಿಲ್ಲ.

ನನಗೆ ಬಹಳ ಮುಖ್ಯ ಅನಿಸುವುದು 1940ರ ದಶಕದ ಕೊನೆಯ ಒಂದು ಪ್ರಯೋಗ. ಅಮೆರಿಕದ ವೈದ್ಯ ಲೂಯಿಸ್ ಗೌಲ್ಡ್, ಧ್ವನಿ ಕೇಳಿಸುತ್ತಿದ್ದ ಮಹಿಳೆಯೊಬ್ಬರ ಗಂಟಲಿನಿಂದ ಹೊರಡುತ್ತಿದ್ದ ಸಣ್ಣ ಪಿಸುಮಾತನ್ನು ಮೈಕ್ ಇಟ್ಟು ಜೋರು ಮಾಡಿ ಕೇಳಿದರು, ನೋಡಿದರೆ ಆಕೆ "ಅವರು ಹೀಗಂದರು" ಎಂದು ಹೇಳಿದ್ದಕ್ಕೂ ಆ ಪಿಸುಮಾತಿಗೂ ತಾಳೆಯಾಗುತ್ತಿತ್ತು. 1993ರಲ್ಲಿ ಲಂಡನ್ನಿನ ಫಿಲಿಪ್ ಮೆಗ್ವೈರ್ ತಂಡ ಧ್ವನಿ ಕೇಳಿಸುವ ಹೊತ್ತಲ್ಲೇ ಸ್ಕ್ಯಾನ್ ಮಾಡಿತು. ಆಗ ಮಾತು ಹುಟ್ಟಿಸುವ ಬ್ರೋಕಾ ಭಾಗಕ್ಕೆ ರಕ್ತ ಜಾಸ್ತಿ ಹರಿಯುತ್ತಿತ್ತು.

ಅಂದರೆ ಅದು ಅವರದ್ದೇ ಒಳಮಾತು ಇರಬೇಕು. ಮತ್ತೆ ಬೇರೆಯವರದ್ದು ಅನಿಸುವುದೇಕೆ? ನಾವು ಮಾತಾಡುವಾಗ ಮಾತಿನ ಭಾಗವು ಕೇಳುವ ಭಾಗಕ್ಕೆ "ಇದು ನಮ್ಮದೇ" ಎಂದು ಮೊದಲೇ ಸೂಚನೆ ಕೊಡುತ್ತದೆ, ಹಾಗಾಗಿ ನಮ್ಮ ದನಿಗೆ ಮಿದುಳು ಕಡಿಮೆ ಸ್ಪಂದಿಸುತ್ತದೆ. ಈ ಸೂಚನೆ ಸರಿಯಾಗಿ ತಲುಪದಿದ್ದರೆ ಸ್ವಂತ ಮಾತೂ ಹೊರಗಿನದಾಗಿ ಕೇಳಿಸಬಹುದು ಅನ್ನುವುದು ಬ್ರಿಟನ್ನಿನ ವಿಜ್ಞಾನಿ ಕ್ರಿಸ್ ಫ್ರಿತ್ ಅವರ ವಾದ. ಅಮೆರಿಕದ ಜುಡಿತ್ ಫೋರ್ಡ್ ಮತ್ತು ಡೇನಿಯಲ್ ಮಾಥಲೊನ್ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿಯಲ್ಲಿ ನೋಡಿದಾಗ, ಸ್ಕಿಜೋಫ್ರೀನಿಯಾ ಇರುವವರಲ್ಲಿ ಸ್ವಂತ ದನಿಗೆ ಆ ತಗ್ಗುವಿಕೆ ಕಡಿಮೆ ಇತ್ತು. 1995ರಲ್ಲಿ ಫ್ರಿತ್ ಮತ್ತು ಕಾರ್ಲ್ ಫ್ರಿಸ್ಟನ್ ಇಡೀ ಕಾಯಿಲೆಯನ್ನೇ ಸಂಪರ್ಕದ ತೊಂದರೆಯಾಗಿ ನೋಡಬಹುದೇ ಎಂದು ಕೇಳಿದರು.

ಹಾಗಂತ ತಂತಿ ಕಡಿದಿದೆ ಅಂದುಕೊಂಡರೆ ತಪ್ಪು. 2004ರಲ್ಲಿ ಸ್ವಿಟ್ಜರ್ಲೆಂಡಿನ ಡ್ಯಾನಿಯೆಲಾ ಹೂಬ್ಲ್ ತಂಡ ಮಾತಿನ ಭಾಗಗಳನ್ನು ಜೋಡಿಸುವ ನರತಂತುಗಳನ್ನು ಪರೀಕ್ಷಿಸಿತು. ಧ್ವನಿ ಕೇಳಿಸುವವರಲ್ಲಿ ಕೆಲವೆಡೆ ಆ ಜೋಡಣೆ ಉಳಿದವರಿಗಿಂತ ಬಲವಾಗಿಯೇ ಕಂಡಿತು. ಮುಂದಿನ ಕೆಲವು ಅಧ್ಯಯನಗಳಲ್ಲಿ ಉಲ್ಟಾ ಫಲಿತಾಂಶ ಬಂದಿದೆ.

ಇದರಿಂದ ರೋಗಿಗೆ ಏನು ಸಿಕ್ಕಿತು? 2012ರಲ್ಲಿ ಫ್ರಾನ್ಸಿನ ಜೆರೋಮ್ ಬ್ರೂನಲಾ ತಂಡ ತಲೆಯ ಎಡಭಾಗಕ್ಕೆ 2 ಮಿಲಿಆಂಪಿಯರಿನ ಸಣ್ಣ ವಿದ್ಯುತ್ ಹರಿಸಿದಾಗ ಧ್ವನಿಗಳ ಕಾಟ ತಗ್ಗಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಚಿಕಿತ್ಸೆಯ ಮೇಲೆ ಸಂಶೋಧನೆ ನಡೆದಿದೆ. ಇದು ಶಾಕ್ ಕೊಡುವುದಲ್ಲ, ರೋಗಿ ಎಚ್ಚರವಾಗಿಯೇ ಇರುತ್ತಾರೆ. ಎಲ್ಲರಿಗೂ ಒಂದೇ ರೀತಿ ಫಲ ಸಿಗುತ್ತಿಲ್ಲ, ಆದ್ದರಿಂದ ಇದನ್ನು ನಂಬಿ ಮಾತ್ರೆ ನಿಲ್ಲಿಸಬಾರದು.