ತಿರುಗುವ ದೀಪದ ಸೆಳೆತ: ಹಳೆಯ ಪೊಲೀಸ್ ಲೈಟ್‌ಬಾರ್‌ಗಳು ಇಂದಿಗೂ ಏಕೆ ಬೇಕೆನಿಸುತ್ತವೆ?

ಓದುಗರ ಪ್ರಶ್ನೆ: ಈಗಿನ ಪೊಲೀಸ್ ವಾಹನಗಳ ಮತ್ತು ಆಂಬುಲೆನ್ಸ್‌ಗಳ ಮೇಲಿರುವ ಎಲ್‌ಇಡಿ ದೀಪಗಳು ಹೆಚ್ಚು ಪ್ರಖರವಾಗಿವೆ, ಹೆಚ್ಚು ಕಾಲ ಬಾಳುತ್ತವೆ, ಬ್ಯಾಟರಿಯ ಮೇಲೆ ಹೊರೆಯೂ ಕಡಿಮೆ. ಹೀಗಿದ್ದೂ ಅಮೆರಿಕದಲ್ಲಿ ನಲವತ್ತು ಐವತ್ತು ವರ್ಷ ಹಳೆಯದಾದ, ವಾಹನದ ಛಾವಣಿಗೆ ಅಡ್ಡವಾಗಿ ಕೂರಿಸುವ, ಮೋಟಾರಿನಿಂದ ತಿರುಗುವ ದೀಪಗಳ ಲೈಟ್‌ಬಾರ್‌ಗಳನ್ನು ಹುಡುಕಿ ಕೊಂಡು, ದುರಸ್ತಿ ಮಾಡಿಸಿ ಇಟ್ಟುಕೊಳ್ಳುವವರಿದ್ದಾರೆ. ಇದು ಬರಿಯ ಬಾಲ್ಯದ ನೆನಪಿನ ಮೋಹವೇ, ಅಥವಾ ಆ ದೀಪಗಳಲ್ಲೇ ಏನಾದರೂ ವಿಶೇಷವಿದೆಯೇ?

ಉತ್ತರ: ನೆನಪಿನ ಪಾಲು ಇಲ್ಲವೆನ್ನಲಾಗದು. ಆದರೆ ಅದನ್ನೇ ಪೂರ್ಣ ಉತ್ತರವೆಂದು ಒಪ್ಪಿಕೊಂಡರೆ ಆ ದೀಪಗಳಿಗೆ ಅನ್ಯಾಯವಾಗುತ್ತದೆ. ಅವುಗಳ ಸೆಳೆತದ ಮೂಲವಿರುವುದು ಅವು ಬೆಳಕನ್ನು ನಡೆಸುವ ರೀತಿಯಲ್ಲಿ. ಎಲ್‌ಇಡಿ ದೀಪ ಹೊತ್ತಿ ಆರುತ್ತದೆ. ಹಳೆಯ ದೀಪ ಆರುವುದೇ ಇಲ್ಲ. ಸದಾ ಉರಿಯುತ್ತಲೇ ಇದ್ದು, ತನ್ನ ಬೆಳಕಿನ ಕೋಲನ್ನು ಸುತ್ತಲೂ ಬೀಸುತ್ತಿರುತ್ತದೆ. ಆ ಕೋಲು ನಮ್ಮ ಕಣ್ಣನ್ನು ಹಾದುಹೋಗುವ ಕ್ಷಣದಲ್ಲಿ ಮಾತ್ರ ನಮಗೆ ಮಿಂಚಿದಂತೆ ಕಾಣುತ್ತದೆ. ನಾವು ನೋಡುತ್ತಿರುವುದು ಮಿನುಗುವಿಕೆಯನ್ನಲ್ಲ, ಚಲನೆಯನ್ನು. ಈ ವ್ಯತ್ಯಾಸ ಸಣ್ಣದೆಂದು ತೋರಬಹುದು, ಆದರೆ ಮುಂದೆ ಹೇಳಲಿರುವುದೆಲ್ಲವೂ ಇದರಿಂದಲೇ ಹುಟ್ಟುತ್ತದೆ.

ಈ ತತ್ತ್ವ ಪೊಲೀಸ್ ಕಾರಿಗಿಂತ ಬಹಳ ಹಳೆಯದು. ಫ್ರಾನ್ಸಿನ ಜಿರೋಂದ್ ನದಿಯ ಮುಖದಲ್ಲಿರುವ ಕೊರ್ದುವಾನ್ ದೀಪಸ್ತಂಭದಲ್ಲಿ 1823ರಲ್ಲಿ ಫ್ರೆಂಚ್ ವಿಜ್ಞಾನಿ ಫ್ರೆನೆಲ್‌ನ ಮಸೂರವನ್ನು ಮೊದಲ ಬಾರಿಗೆ ಅಳವಡಿಸಿದಾಗ, ಗಡಿಯಾರದ ಯಂತ್ರದಿಂದ ತಿರುಗುತ್ತಿದ್ದ ಆ ಮಸೂರ ಒಂದೇ ದೀಪದ ಬೆಳಕನ್ನು ಹಲವು ಕೋಲುಗಳಾಗಿ ಒಟ್ಟುಗೂಡಿಸಿ ಸಮುದ್ರದ ಮೇಲೆ ಬೀಸುತ್ತಿತ್ತು. ನಮ್ಮ ಕರಾವಳಿಯ ದೀಪಸ್ತಂಭಗಳ ಬೆಳಕು ಕಡಲ ಮೇಲೆ ಸರಿದುಹೋಗುವುದನ್ನು ಸಂಜೆಯ ಹೊತ್ತು ದಂಡೆಯಲ್ಲಿ ಕುಳಿತು ನೋಡಿದವರಿಗೆ ಈ ನಡಿಗೆಯ ಪರಿಚಯವಿರುತ್ತದೆ. ವಾಹನದ ತಿರುಗುದೀಪವೆಂದರೆ ಮೂಲತಃ ಕಾರಿನ ಛಾವಣಿಯ ಮೇಲೆ ಕೂರಿಸಿದ ಪುಟ್ಟ ದೀಪಸ್ತಂಭ.

ಬೆಳಕನ್ನು ಹೀಗೆ ಕೋಲಾಗಿಸಿ ಬೀಸುವುದರಿಂದ ಆಗುವ ಲಾಭವನ್ನು ಲೆಕ್ಕ ಹಾಕಿಯೇ ನೋಡಬಹುದು. 12 ವೋಲ್ಟಿನ 30 ವಾಟ್ ಬಲ್ಬನ್ನು ಬರಿದಾಗಿ ಉರಿಸಿದರೆ ಅದರ ಬೆಳಕು ಎಲ್ಲ ದಿಕ್ಕಿಗೂ ಹರಡಿಹೋಗಿ, ಯಾವುದೇ ಒಂದು ದಿಕ್ಕಿನಲ್ಲಿ ಸುಮಾರು 30ರಿಂದ 40 ಕ್ಯಾಂಡೆಲಾದಷ್ಟು ತೀವ್ರತೆ ಮಾತ್ರ ಸಿಗುತ್ತದೆ. ಅದೇ 30 ವಾಟನ್ನು ಪ್ಯಾರಾಬೊಲಾ ಆಕಾರದ ಪ್ರತಿಫಲಕದ ನಾಭಿಯಲ್ಲಿಟ್ಟು ಕೆಲವೇ ಡಿಗ್ರಿ ಅಗಲದ ಕೋಲಾಗಿ ಕಟ್ಟಿದರೆ, ಕೋಲಿನ ನಡುವಿನ ತೀವ್ರತೆ ಹತ್ತಾರು ಸಾವಿರ ಕ್ಯಾಂಡೆಲಾಕ್ಕೆ ಏರುತ್ತದೆ. ಆದರೆ ಈ ಕೋಲು ಕಣ್ಣಿಗೆ ಬೀಳುವುದು ಕ್ಷಣಮಾತ್ರ. ನಿಮಿಷಕ್ಕೆ 45 ಸುತ್ತು ತಿರುಗುವ, 10 ಡಿಗ್ರಿ ಅಗಲದ ಕೋಲು ನಮ್ಮನ್ನು ದಾಟಲು ತೆಗೆದುಕೊಳ್ಳುವುದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗಕ್ಕಿಂತ ಕಡಿಮೆ. ಅಷ್ಟು ಕಿರಿದಾದ ಮಿಂಚನ್ನು ಕಣ್ಣು ಅದರ ಪೂರ್ಣ ತೀವ್ರತೆಯಲ್ಲಿ ಗ್ರಹಿಸುವುದಿಲ್ಲ. ಎಷ್ಟು ಗ್ರಹಿಸುತ್ತದೆ ಎಂಬುದಕ್ಕೆ ಫ್ರಾನ್ಸಿನ ಬ್ಲೊಂಡೆಲ್ ಮತ್ತು ರೇ ಎಂಬವರು 1911ರಲ್ಲಿ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ ಮೇಲಿನ ಉದಾಹರಣೆಯಲ್ಲಿ ಕಣ್ಣಿಗೆ ದಕ್ಕುವುದು ಮೂಲ ತೀವ್ರತೆಯ ಸುಮಾರು ಆರನೆಯ ಒಂದು ಭಾಗ. ಇಷ್ಟು ಕಳೆದರೂ ಬರಿಯ ಬಲ್ಬಿಗಿಂತ ನೂರಾರು ಪಟ್ಟು ಹೆಚ್ಚಿನ ಬೆಳಕು ಉಳಿಯುತ್ತದೆ. ಅಲ್ಪ ವಿದ್ಯುತ್ತಿನಲ್ಲಿ ದೂರಕ್ಕೆ ಕಾಣಿಸಿಕೊಳ್ಳಲು, ಆ ಕಾಲದ ತಂತ್ರಜ್ಞಾನದ ಮಿತಿಯೊಳಗೆ, ಇದಕ್ಕಿಂತ ಸೊಗಸಾದ ಉಪಾಯವಿರಲಿಲ್ಲ ಎಂದೇ ನನ್ನ ಎಣಿಕೆ.

ಅಮೆರಿಕದ ಪೊಲೀಸ್ ಕಾರುಗಳ ಮೇಲೆ ಈ ಉಪಾಯ ನೆಲೆಯೂರಲು ಎರಡು ಸಂಗತಿಗಳು ಕೂಡಿಬಂದವು. ಮೊದಲನೆಯದು 1940ರ ಹೊತ್ತಿಗೆ ಅಲ್ಲಿನ ಕಾರುಗಳ ಹೆಡ್‌ಲೈಟುಗಳಿಗಾಗಿ ಬಂದ ಸೀಲ್ಡ್ ಬೀಮ್ ದೀಪ, ಅಂದರೆ ತಂತು, ಪ್ರತಿಫಲಕ ಮತ್ತು ಮುಂಗಾಜನ್ನು ಒಂದೇ ಗಟ್ಟಿ ಘಟಕವಾಗಿ ಬೆಸೆದ ದೀಪ. ಇದರಿಂದ ಬೆಳಕಿನ ಕೋಲು ಸಿದ್ಧವಸ್ತುವಾಗಿ ಅಂಗಡಿಯಲ್ಲೇ ಸಿಗುವಂತಾಯಿತು; ತಿರುಗಿಸುವ ಕೆಲಸವಷ್ಟೇ ಉಳಿಯಿತು. ಎರಡನೆಯದು, 1901ರಲ್ಲಿ ಶಿಕಾಗೊದಲ್ಲಿ ಸ್ಥಾಪನೆಯಾಗಿ ಮುಂದೆ ಫೆಡರಲ್ ಸಿಗ್ನಲ್ ಎಂದು ಹೆಸರಾದ ಕಂಪನಿ 1948ರಲ್ಲಿ ಹೊರತಂದ ಬೀಕನ್ ರೇ. ಗುಮ್ಮಟದಂತಹ ಮುಚ್ಚಳ, ಅದರೊಳಗೆ ಬೆನ್ನಿಗೆ ಬೆನ್ನು ಕೊಟ್ಟು ಸುತ್ತುವ ಸೀಲ್ಡ್ ಬೀಮ್ ದೀಪಗಳು, ಕೆಳಗೆ ಪುಟ್ಟ ಮೋಟಾರು: ಇಷ್ಟೇ ಅದರ ಶರೀರ. ಚೂಯಿಂಗ್ ಗಮ್ ಉಂಡೆಗಳನ್ನು ಉದುರಿಸುವ ಗಾಜಿನ ಬುರುಡೆಯ ಯಂತ್ರವನ್ನು ಹೋಲುತ್ತಿದ್ದುದರಿಂದ ಅಮೆರಿಕನ್ನರು ಇಂತಹ ದೀಪವನ್ನು ಗಮ್‌ಬಾಲ್ ಯಂತ್ರವೆಂದೇ ಅಕ್ಕರೆಯಿಂದ ಕರೆದರು.

ವಿಮಾನಗಳ ಜಗತ್ತಿನಲ್ಲೂ ಇದೇ ವಿಚಾರ ಬೆಳೆಯುತ್ತಿತ್ತು. ಇಂದು ಪೊಲೀಸ್ ದೀಪಗಳಿಗೆ ಹೆಸರಾದ ವೇಲನ್ ಕಂಪನಿ 1952ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಶುರುವಾದದ್ದು ವಿಮಾನಗಳಿಗೆ ತಿರುಗುವ ಎಚ್ಚರಿಕೆಯ ದೀಪ ಮಾಡುವುದರಿಂದ.

ಒಂಟಿ ಗುಮ್ಮಟದಿಂದ ಉದ್ದನೆಯ ಲೈಟ್‌ಬಾರಿನವರೆಗಿನ ಹಾದಿಯಲ್ಲಿ ಸೈರನ್ನಿನ ಪಾತ್ರವೂ ಇದೆ. ಛಾವಣಿಗೆ ಅಡ್ಡವಾಗಿ ಒಂದು ಲೋಹದ ಪಟ್ಟಿಯನ್ನು ಬಿಗಿದು, ಅದರ ಎರಡು ತುದಿಗಳಲ್ಲಿ ಎರಡು ಬೀಕನ್ ರೇಗಳನ್ನೂ ನಡುವೆ ಸೈರನ್ನನ್ನೋ ಸ್ಪೀಕರನ್ನೋ ಕೂರಿಸುವ ಏರ್ಪಾಡಿಗೆ ಫೆಡರಲ್ ಕಂಪನಿ ವಿಸಿಬಾರ್ ಎಂದು ಹೆಸರಿಟ್ಟಿತು. ಎಲೆಕ್ಟ್ರಾನಿಕ್ ಸೈರನ್‌ಗಳು ಬಳಕೆಗೆ ಬಂದು ಸ್ಪೀಕರ್ ಅಗತ್ಯವಾದ ಮೇಲೆ, ದೀಪಗಳನ್ನೂ ಸ್ಪೀಕರನ್ನೂ ಒಂದೇ ಹೊದಿಕೆಯೊಳಗೆ ಸೇರಿಸಿದ ಟ್ವಿನ್‌ಸಾನಿಕ್ ಬಂತು. ನಡುವೆ ಬೆಳ್ಳಿಬಣ್ಣದ ಜಾಲರಿ, ಎರಡು ಬದಿಗೆ ಇಳಿಜಾರು ಗೋಡೆಗಳ ಬಣ್ಣದ ಪೆಟ್ಟಿಗೆಗಳು: 1970ರ ದಶಕದ ಅಮೆರಿಕನ್ ಪೊಲೀಸ್ ಕಾರನ್ನು ಮನಸ್ಸಿಗೆ ತಂದುಕೊಂಡಾಗ ಛಾವಣಿಯ ಮೇಲೆ ಮೂಡುವ ಆಕಾರ ಹೆಚ್ಚಾಗಿ ಅದೇ. ಅದರ ಬಳಿಕ ಗಾಳಿಯನ್ನು ಸೀಳಿಕೊಂಡು ಹೋಗುವಂತೆ ತಗ್ಗಿಸಿ ನಯಗೊಳಿಸಿದ ಏರೋಡೈನಿಕ್, ಕೋಡ್ 3 ಕಂಪನಿಯ ಎಮ್‌ಎಕ್ಸ್ 7000 ಮೊದಲಾದವು ಬಂದವು. ಅಂದಚಂದದ ವಿಷಯದಲ್ಲಿ ಸಂಗ್ರಾಹಕರ ನಡುವೆ ವಾದಗಳಿವೆ. ನನ್ನ ಒಲವು ಟ್ವಿನ್‌ಸಾನಿಕ್‌ನ ಕಡೆಗಿದೆ, ಏಕೆಂದರೆ ತನ್ನೊಳಗೆ ಏನು ನಡೆಯುತ್ತಿದೆ ಎಂಬುದನ್ನು ಅದು ಹೊದಿಕೆಯ ಮೂಲಕವೇ ತೋರಿಸಿಕೊಡುತ್ತದೆ.

ಒಳಗೆ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ತಿರುಗುದೀಪಗಳಲ್ಲಿ ಎರಡು ಬಗೆಯ ರಚನೆಗಳಿವೆ. ಮೊದಲ ಬಗೆಯಲ್ಲಿ ದೀಪವೇ ತಿರುಗುತ್ತದೆ. ತಿರುಗುವ ವಸ್ತುವಿಗೆ ತಂತಿ ಕಟ್ಟಿದರೆ ಅದು ಸುತ್ತಿಕೊಂಡು ಹರಿದುಹೋಗುತ್ತದೆಯಾದ್ದರಿಂದ, ಲೋಹದ ಬಳೆಯೊಂದರ ಮೇಲೆ ಕಾರ್ಬನ್ ಬ್ರಷ್ ಸದಾ ಉಜ್ಜುತ್ತಾ ವಿದ್ಯುತ್ತನ್ನು ದಾಟಿಸುತ್ತದೆ. ಆ ಬಳೆಗೆ ಸ್ಲಿಪ್ ರಿಂಗ್ ಎಂದು ಹೆಸರು. ಹಳೆಯ ದೀಪ ಸುತ್ತುತ್ತಿರುವಾಗಲೇ ಬೆಳಕು ಆಗಾಗ ಮಂಕಾಗುತ್ತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಸವೆದ ಬ್ರಷ್ಷನ್ನು ಅಥವಾ ಕಿಲುಬು ಹಿಡಿದ ಬಳೆಯನ್ನು. ಎರಡನೆಯ ಬಗೆಯಲ್ಲಿ ಬಲ್ಬು ಕದಲದೆ ನಿಂತಿದ್ದು ಪ್ರತಿಫಲಕ ಮಾತ್ರ ಅದರ ಸುತ್ತ ತಿರುಗುತ್ತದೆ. ಆಗ ಬ್ರಷ್ಷಿನ ಗೊಡವೆಯೇ ಇಲ್ಲ, ತಿರುಗಬೇಕಾದ ಭಾರವೂ ಕಡಿಮೆ, ವೇಗವನ್ನೂ ಹೆಚ್ಚಿಸಬಹುದು. ಪುಟ್ಟದಾದರೂ ಪ್ರಖರವಾದ ಹ್ಯಾಲೊಜೆನ್ ಬಲ್ಬುಗಳು ಸಿಗತೊಡಗಿದ ಮೇಲೆ ಈ ಎರಡನೆಯ ಬಗೆಯೇ ಮೇಲುಗೈ ಪಡೆಯಿತು. ಎರಡರಲ್ಲೂ ಮೋಟಾರಿನ ವೇಗವನ್ನು ಗೇರುಗಳು ತಗ್ಗಿಸುತ್ತವೆ. ಹತ್ತಿರ ನಿಂತರೆ ಕೇಳಿಸುವ ಆ ಹದವಾದ ಗುಂಯ್‌ಗುಡುವಿಕೆ ಬರುವುದು ಅಲ್ಲಿಂದಲೇ.

ಕನ್ನಡಿಗಳ ವಿಷಯವನ್ನು ಬಿಡುವಂತಿಲ್ಲ. ಆ ಕಾಲದ ಹಲವು ಲೈಟ್‌ಬಾರ್‌ಗಳಲ್ಲಿ ತಿರುಗುವ ದೀಪದ ಪಕ್ಕದಲ್ಲಿ ಓರೆಯಾಗಿ ಕನ್ನಡಿಗಳನ್ನು ನಿಲ್ಲಿಸಿರುತ್ತಿದ್ದರು. ಕಾರಿನ ಅಡ್ಡದಿಕ್ಕಿಗೆ ಹೋಗಿ ವ್ಯರ್ಥವಾಗಬಹುದಾಗಿದ್ದ ಬೆಳಕು ಕನ್ನಡಿಗೆ ಬಡಿದು ಮುಂದಕ್ಕೂ ಹಿಂದಕ್ಕೂ ಹೊರಳುತ್ತಿತ್ತು. ಕನ್ನಡಿಯಿಂದ ಹೊರಟ ಕೋಲು ದೀಪದಷ್ಟೇ ವೇಗದಲ್ಲಿ ಸರಿಯುತ್ತದೆ, ಆದರೆ ದೀಪ ತಿರುಗುವ ದಿಕ್ಕಿಗೆ ವಿರುದ್ಧವಾಗಿ. ಕನ್ನಡಿ ಸ್ಥಿರವಾಗಿದ್ದು ದೀಪ ಮಾತ್ರ ತಿರುಗುವಾಗ ಪ್ರತಿಫಲನದ ಕೋನ ತಿರುಗಿದಷ್ಟೇ ಬದಲಾಗುವುದಾದರೂ, ಮೂಲ ಕೋಲು ಒಂದು ಕಡೆಗೆ ಮತ್ತು ಬಿಂಬದ ಕೋಲು ಇನ್ನೊಂದು ಕಡೆಗೆ ಹೋಗುವುದರಿಂದ ಅವೆರಡರ ನಡುವಿನ ಅಂತರ ಇಮ್ಮಡಿ ವೇಗದಲ್ಲಿ ಬೆಳೆಯುತ್ತದೆ. ಇದರ ಫಲವಾಗಿ ಎದುರಿಗಿರುವವನಿಗೆ ದೀಪದ ಒಂದು ನೇರ ಬಡಿತ, ಅದರ ಬೆನ್ನಿಗೆ ಕನ್ನಡಿಯ ಒಂದು ಬಡಿತ, ಮತ್ತೆ ನೇರದ್ದು ಎಂಬಂತೆ ಲಯ ಕಾಣಿಸುತ್ತದೆ. ಎಡಬದಿಯ ಮತ್ತು ಬಲಬದಿಯ ಮೋಟಾರುಗಳು ಬೇರೆಬೇರೆಯಾಗಿದ್ದ ಮಾದರಿಗಳಲ್ಲಿ ಅವು ಕೂದಲೆಳೆಯಷ್ಟು ಹೆಚ್ಚುಕಡಿಮೆ ವೇಗದಲ್ಲಿ ತಿರುಗುತ್ತಾ, ಸ್ವಲ್ಪ ಹೊತ್ತು ಜೊತೆಯಾಗಿ, ಸ್ವಲ್ಪ ಹೊತ್ತು ಅಗಲಿ, ಮತ್ತೆ ಜೊತೆಯಾಗುತ್ತವೆ. ತಾಳಕ್ಕೆ ಕಿವಿ ಪಳಗಿದವರು ಇದನ್ನು ಬೇಗ ಗುರುತಿಸುತ್ತಾರೆ. ಯಾವ ಎರಡು ನಿಮಿಷವೂ ಒಂದೇ ಬಗೆಯಾಗಿರದ ಈ ಹೊಯ್ದಾಟವನ್ನು ಯಾರೂ ಬರೆದಿಟ್ಟದ್ದಲ್ಲ. ಎರಡು ಯಂತ್ರಗಳು ಪೂರ್ತಿ ಒಂದೇ ಆಗಿರಲು ಸಾಧ್ಯವಿಲ್ಲದ್ದರಿಂದ ಅದು ತಾನಾಗಿ ಹುಟ್ಟಿದ್ದು. ಎಲ್‌ಇಡಿಯ ವಿನ್ಯಾಸಗಳು ಎಷ್ಟೇ ವೈವಿಧ್ಯಮಯವಾಗಿದ್ದರೂ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ತುಂಬಿಟ್ಟ ಕ್ರಮವನ್ನೇ ಮತ್ತೆ ಮತ್ತೆ ಆಡಿಸುತ್ತವೆ.

ಇನ್ನು ಬೆಳಕು ಬೀಳುವ ಪರಿಸರದ ಮಾತು. ತಿರುಗುವ ಕೋಲು ನೋಡುವವನ ಕಣ್ಣನ್ನಷ್ಟೇ ತಟ್ಟುವುದಿಲ್ಲ. ಗೋಡೆ, ಮರ, ಕಿಟಕಿ, ಮಳೆಯ ಹನಿಗಳ ಮೇಲೆಲ್ಲ ಸರಿದುಹೋಗುತ್ತದೆ. ರಾತ್ರಿ ರಸ್ತೆಯ ತಿರುವಿನಾಚೆ ಇನ್ನೂ ಕಣ್ಣಿಗೆ ಬೀಳದ ವಾಹನದ ಬರವನ್ನು ಮರಗಳ ಮೇಲೆ ಓಡುವ ಕೆಂಬೆಳಕು ಮೊದಲೇ ಸಾರುತ್ತದೆ. ಬೆಳಕು ಹತ್ತಿರ ಬಂದು, ತುಂಬಿ, ದಾಟಿ ಹೋಗುವುದನ್ನು ಕಣ್ಣು ಹಿಂಬಾಲಿಸಬಲ್ಲದು. ನೆಟ್ಟಗೆ ಮುಖಕ್ಕೇ ಹೊತ್ತಿ ಆರುವ ತೀಕ್ಷ್ಣ ಎಲ್‌ಇಡಿಯ ಎದುರು ರಾತ್ರಿಯ ಹೊತ್ತು ಕಣ್ಣು ಕುಗ್ಗುತ್ತದೆ, ಪಕ್ಕದಲ್ಲಿ ನಡೆದಾಡುತ್ತಿರುವ ಸಿಬ್ಬಂದಿ ಕಾಣದೆ ಹೋಗುವ ಅಪಾಯವೂ ಇದೆ.

ಹಾಗೆಂದು ಹಳೆಯದರ ಕುಂದುಗಳನ್ನು ಮುಚ್ಚಿಡಬಾರದು. 55 ವಾಟಿನ ಒಂದು ಹ್ಯಾಲೊಜೆನ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಆರು ಬಲ್ಬುಗಳಿದ್ದರೆ ಮೋಟಾರುಗಳನ್ನು ಬಿಟ್ಟೇ 27 ಆಂಪಿಯರ್ ದಾಟುತ್ತದೆ. ಎಂಜಿನ್ ಆರಿಸಿ ದೀಪ ಹಚ್ಚಿಟ್ಟರೆ ಬ್ಯಾಟರಿ ಬೇಗ ಸೋಲುತ್ತದೆ. ಬಲ್ಬುಗಳು ಸುಟ್ಟುಹೋಗುತ್ತವೆ, ಗೇರುಗಳು ಸವೆಯುತ್ತವೆ. ತಂತು ದೀಪದ ಬೆಳಕಿನಲ್ಲಿ ನೀಲಿಯ ಅಂಶ ಬಹಳ ಕಡಿಮೆಯಾದ್ದರಿಂದ ನೀಲಿ ಹೊದಿಕೆಯೊಳಗೆ ಅದರ ಬಹುಪಾಲು ಶಕ್ತಿ ಶಾಖವಾಗಿ ಹಾಳಾಗುತ್ತದೆ. ಪೊಲೀಸ್ ಇಲಾಖೆಗಳು ಎಲ್‌ಇಡಿಗೆ ಹೊರಳಿದ್ದು ಸರಿಯಾದ ನಿರ್ಧಾರವೇ. ಆದರೂ ತಯಾರಕರು ಎಲ್‌ಇಡಿ ದೀಪಗಳಲ್ಲಿ ತಿರುಗುವಿಕೆಯನ್ನು ಅನುಕರಿಸುವ ವಿನ್ಯಾಸಗಳನ್ನು ಇಂದಿಗೂ ಕೊಡುತ್ತಿದ್ದಾರೆ, ಎಲ್‌ಇಡಿಯ ಜೊತೆಗೆ ನಿಜವಾಗಿಯೇ ತಿರುಗುವ ಪ್ರತಿಫಲಕವನ್ನಿಟ್ಟ ದೀಪಗಳೂ ಬಂದಿವೆ. ಬರಿಯ ನೆನಪಿನ ಮೋಹವಾಗಿದ್ದರೆ ಇದು ನಡೆಯುತ್ತಿರಲಿಲ್ಲ.

ಸಂಗ್ರಾಹಕರ ದೃಷ್ಟಿಯಿಂದ ಮತ್ತೊಂದು ಕಾರಣವಿದೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಹಳೆಯ ಲೈಟ್‌ಬಾರ್ ತನ್ನನ್ನು ತಾನೇ ವಿವರಿಸುತ್ತದೆ. ಮೋಟಾರು, ಗೇರು, ಬ್ರಷ್, ಬಲ್ಬು ಎಲ್ಲವೂ ಕಣ್ಣೆದುರಿಗಿವೆ. ಕೆಟ್ಟದ್ದು ಯಾವುದೆಂದು ಬೆರಳಿಟ್ಟು ತೋರಿಸಬಹುದು, ಅದೊಂದನ್ನೇ ಬದಲಿಸಬಹುದು. ಬಿಸಿಲಿಗೆ ಬಣ್ಣಗೆಟ್ಟು ಸೂಕ್ಷ್ಮ ಬಿರುಕು ಮೂಡಿದ ಪ್ಲಾಸ್ಟಿಕ್ ಹೊದಿಕೆಯನ್ನು ನುಣ್ಣನೆಯ ಮರಳುಕಾಗದದಿಂದ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ ಮತ್ತೆ ಹೊಳೆಯಿಸುವ ಕೆಲಸದಲ್ಲಿ ವಾರಗಟ್ಟಲೆ ತೊಡಗುವವರಿದ್ದಾರೆ. ಅಮೆರಿಕದಲ್ಲಿ ದೀಪದ ಬಣ್ಣದ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದೂ ಈ ಹವ್ಯಾಸಕ್ಕೆ ರುಚಿ ಕೊಟ್ಟಿದೆ. ಶಿಕಾಗೊ ಪೊಲೀಸರದು ನೀಲಿ. ಕ್ಯಾಲಿಫೋರ್ನಿಯಾದ ಕಾನೂನು ಮುಂದಕ್ಕೆ ಎಡೆಬಿಡದೆ ಉರಿಯುವ ಒಂದು ಕೆಂಪು ದೀಪವನ್ನು ಕಡ್ಡಾಯ ಮಾಡಿದೆ. ಹೀಗಾಗಿ ಬಣ್ಣಗಳ ಜೋಡಣೆಯನ್ನು ನೋಡಿಯೇ ದೀಪದ ಊರನ್ನು ಊಹಿಸಲು ಪಳಗಿದವರಿಗೆ ಸಾಧ್ಯವಾಗುತ್ತದೆ.

ನಮ್ಮಲ್ಲಿ ಈ ದೀಪದ ನೆನಪಿಗೆ ಬೇರೆಯದೇ ಬಣ್ಣವಿದೆ. ಕನ್ನಡಿಗರ ಮಾತಿನಲ್ಲಿ ಅದು ಗೂಟದ ಕಾರು, ಅಂದರೆ ಅಧಿಕಾರದ ಗುರುತು. ಕೇಂದ್ರ ಸರ್ಕಾರ 2017ರ ಏಪ್ರಿಲ್‌ನಲ್ಲಿ ಕೈಗೊಂಡ ನಿರ್ಧಾರದಿಂದ ಅದೇ ವರ್ಷದ ಮೇ 1ರಿಂದ ಗಣ್ಯರ ಕಾರುಗಳ ಕೆಂಪು ದೀಪಗಳು ಇಳಿದವು. ಇಂತಹ ದೀಪಗಳು ತುರ್ತು ಸೇವೆಯ ವಾಹನಗಳಿಗೆ ಮೀಸಲಾದವು. ಅಪಾಯದಲ್ಲಿರುವವರ ಬಳಿಗೆ ಓಡುವ ವಾಹನಕ್ಕೆಂದೇ ಹುಟ್ಟಿದ ದೀಪ ಆ ಕೆಲಸಕ್ಕೇ ಮರಳಿದ್ದು ನನಗೆ ಸಮಾಧಾನ ತಂದ ಸಂಗತಿ. ಆದ್ದರಿಂದ ಇಲ್ಲಿ ಯಾರಾದರೂ ಹಳೆಯ ಲೈಟ್‌ಬಾರ್ ತರಿಸಿಕೊಂಡರೆ ಅದನ್ನು ಖಾಸಗಿ ವಾಹನದ ಮೇಲೆ ಏರಿಸಬಾರದು. ಮನೆಯ ಮೇಜಿನ ಮೇಲೆ, ಬಲ್ಬುಗಳು ಎಳೆಯುವಷ್ಟು ಆಂಪಿಯರ್ ಕೊಡಬಲ್ಲ 12 ವೋಲ್ಟಿನ ಪವರ್ ಸಪ್ಲೈಗೆ, ಸರಿಯಾದ ಫ್ಯೂಸಿನೊಂದಿಗೆ ಜೋಡಿಸಿ ನೋಡಬಹುದು. ಮೊದಲ ಬಾರಿ ವಿದ್ಯುತ್ ಕೊಡುವ ಮುನ್ನ ಗಟ್ಟಿಯಾಗಿರುವ ಹಳೆಯ ಗ್ರೀಸನ್ನು ಒರೆಸಿ ತೆಗೆದು, ಹೊಸದನ್ನು ತೆಳುವಾಗಿ ಸವರಿ, ದೀಪವನ್ನು ಕೈಯಿಂದಲೇ ಒಂದು ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ಬಿಗಿಯಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಕೋಣೆಯ ಉಳಿದ ದೀಪಗಳನ್ನು ಆರಿಸಿ, ಲೈಟ್‌ಬಾರನ್ನಲ್ಲ, ಗೋಡೆಯನ್ನು ನೋಡಿ.